ವಾರ್ಡಿನ ನಾಲ್ಕು ಬಣ್ಣದ ಬುಟ್ಟಿಗಳು: ಕೊಡಗಿನ ಒಂದು ಆಸ್ಪತ್ರೆಯಲ್ಲಿ ಕಂಡದ್ದು

ಸಕ್ಕರೆ ಕಾಯಿಲೆಯಿರುವ ನನ್ನ ತಾಯಿಯವರ ಕಾಲಿನ ಹುಣ್ಣಿನ ಚಿಕಿತ್ಸೆಗಾಗಿ ಕಳೆದ ಮಳೆಗಾಲದಲ್ಲಿ ದಕ್ಷಿಣ ಕೊಡಗಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಐದು ದಿನ ಉಳಿದಿದ್ದೆ. ವೈದ್ಯರ ಬಗ್ಗೆಯಾಗಲಿ, ಬಿಲ್ಲಿನ ಬಗ್ಗೆಯಾಗಲಿ ನನ್ನ ದೂರಿಲ್ಲ. ಹೊರಗೆ ಕಾಲಿಡಲು ಮಳೆ ಬಿಡುತ್ತಿರಲಿಲ್ಲವಾದ್ದರಿಂದ ವಾರ್ಡಿನಲ್ಲೇ ಕುಳಿತು, ಅಲ್ಲಿನ ಸಿಬ್ಬಂದಿ ಆಸ್ಪತ್ರೆಯ ಕಸವನ್ನು ಹೇಗೆ ನಿಭಾಯಿಸುತ್ತಾರೆ ಎಂಬುದನ್ನು ಗಮನಿಸುತ್ತಿದ್ದೆ. ಈ ವಿಮರ್ಶೆ ಅದಕ್ಕಷ್ಟೇ ಸಂಬಂಧಿಸಿದ್ದು. ಆ ಒಂದು ಸೇವೆಗೆ ನಾನು ಕೊಡುವ ಅಂಕ ಐದಕ್ಕೆ ಮೂರು.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುವ ನಾಲ್ಕೂ ಬಣ್ಣಗಳು ಅಲ್ಲಿದ್ದವು: ರಕ್ತ, ಕೀವು ತಾಗಿದ ಹತ್ತಿಗೆ ಹಳದಿ, ಡ್ರಿಪ್ ಕೊಳವೆ ಮತ್ತು ಕೈಗವಸಿಗೆ ಕೆಂಪು, ಸೂಜಿ ಮತ್ತು ಬ್ಲೇಡಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ, ಗಾಜಿನ ಸೀಸೆಗೆ ನೀಲಿ. ಬೆಳಗಿನ ಪಾಳಿಯ ನರ್ಸ್ ಇಂಜೆಕ್ಷನ್ ಕೊಟ್ಟ ತಕ್ಷಣ, ಸೂಜಿಗೆ ಮುಚ್ಚಳ ಹಾಕದೆ, ಟ್ರಾಲಿಯಲ್ಲಿದ್ದ ಕಟ್ಟರ್‌ನ ರಂಧ್ರಕ್ಕೆ ಸಿರಿಂಜಿನ ತುದಿಯನ್ನು ಇಟ್ಟು ಹಿಡಿ ಒತ್ತುತ್ತಿದ್ದರು. ಸೂಜಿ ಒಳಗೆ ಬೀಳುತ್ತಿತ್ತು, ಸಿರಿಂಜ್ ಕೆಂಪು ಬುಟ್ಟಿ ಸೇರುತ್ತಿತ್ತು. ಕಾರಣ ಕೇಳಿದ್ದಕ್ಕೆ, "ಮುಚ್ಚಳ ಹಾಕೋಕೆ ಹೋದಾಗಲೇ ಕೈಗೆ ಚುಚ್ಚೋದು ಸರ್" ಎಂದರು. ರಾತ್ರಿ ಪಾಳಿಯಲ್ಲಿ ಮಾತ್ರ ಇದೇ ಶಿಸ್ತು ಕಾಣಲಿಲ್ಲ.

ನನ್ನನ್ನು ಹೆಚ್ಚು ಕಾಡಿದವರು ಆ ಬುಟ್ಟಿಗಳನ್ನು ಖಾಲಿ ಮಾಡುತ್ತಿದ್ದ ಸ್ವಚ್ಛತಾ ಕೆಲಸದ ಅಕ್ಕ. ರೋಗಿಗಳು ಬಿಟ್ಟ ಅನ್ನ, ಬಾಳೆಹಣ್ಣಿನ ಸಿಪ್ಪೆಯನ್ನು ಅವರು ಹಳದಿ ಚೀಲಕ್ಕೇ ಸುರಿಯುತ್ತಿದ್ದರು. ಡ್ರಿಪ್ ಕೊಳವೆಯೂ ಒಮ್ಮೊಮ್ಮೆ ಅದನ್ನೇ ಸೇರುತ್ತಿತ್ತು. "ಬಣ್ಣ ಎಲ್ಲ ಗೊತ್ತುಂಟು, ಯಾಕೆ ಅಂತ ಯಾರೂ ಹೇಳಲಿಲ್ಲ" ಎಂದರು. ಹಳದಿ ಚೀಲ ಸುಡಲು ಹೋಗುತ್ತದೆ, ಕೆಂಪು ಚೀಲದ್ದನ್ನು ಹಬೆಯಲ್ಲಿ ಸೋಂಕು ಕಳೆದು, ಚೂರು ಮಾಡಿ ಮರುಬಳಕೆಗೆ ಕಳಿಸುತ್ತಾರೆ, ಪಿವಿಸಿ ಕೊಳವೆ ಬೆಂಕಿಗೆ ಬಿದ್ದರೆ ಡಯಾಕ್ಸಿನ್‌ನಂಥ ವಿಷ ಹೊರಡುತ್ತದೆ ಎಂಬಷ್ಟನ್ನು ಅವರಿಗೆ ತಿಳಿಸಲು ಹತ್ತು ನಿಮಿಷ ಸಾಕಿತ್ತು. ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕೆಂದು ನಿಯಮವೇ ಹೇಳುತ್ತದೆ. ಇಲ್ಲಿ ಅದು ನರ್ಸುಗಳ ಮಟ್ಟಕ್ಕೇ ನಿಂತಿತ್ತು, ಏಕೆಂದರೆ ಈ ಅಕ್ಕ ಗುತ್ತಿಗೆದಾರನ ಕಡೆಯವರು.

ಹಿಂದಿನ ವರ್ಷ ಕೆಂಪು ಚೀಲ ಎತ್ತುವಾಗ ಅದರೊಳಗಿದ್ದ ಸೂಜಿ ಅವರ ಹೆಬ್ಬೆರಳಿಗೆ ಚುಚ್ಚಿತ್ತಂತೆ. ನೀರಿನಲ್ಲಿ ತೊಳೆದು, ಪಟ್ಟಿ ಸುತ್ತಿಕೊಂಡು ಕೆಲಸ ಮುಂದುವರಿಸಿದರು, ಯಾರಿಗೂ ಹೇಳಲಿಲ್ಲ. ಇಂಥ ಅಪಘಾತವನ್ನು ದಾಖಲಿಸಬೇಕು, ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಆರಂಭಿಸಿದರಷ್ಟೇ ಪ್ರಯೋಜನ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆ ಕಡ್ಡಾಯವಾಗಿದ್ದರೂ ಅವರಿಗೆ ಹಾಕಿಸಿರಲಿಲ್ಲ. ಒಂದು ಅಂಕವನ್ನು ನಾನು ಕಳೆದದ್ದು ಇದಕ್ಕೇ.

ಇನ್ನೊಂದು ಅಂಕ ಕಳೆದದ್ದು ಕಸದ ಚೀಲಗಳನ್ನು ಇಡುವ ಹಿತ್ತಲಿನ ಶೆಡ್ಡಿಗೆ. ರಕ್ತ, ಕೀವು ತಾಗಿದಂಥ ತ್ಯಾಜ್ಯವನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ರಸ್ತೆಗೆ ಮರ ಬಿದ್ದು ಕಸ ಒಯ್ಯುವ ಗಾಡಿ ಬರದೇ ಹೋದದ್ದನ್ನು ಕೊಡಗಿನವನಾಗಿ ನಾನು ಕ್ಷಮಿಸಬಲ್ಲೆ. ಆದರೆ ಸೋರುವ ಮಾಡು ಮತ್ತು ನಾಯಿ ನುಗ್ಗುವ ಬಾಗಿಲನ್ನು ಮಳೆಗಾಲಕ್ಕೆ ಮೊದಲೇ ಸರಿಪಡಿಸಬಹುದಿತ್ತು.

ಡಿಸ್ಚಾರ್ಜ್ ಆಗುವಾಗ ತಾಯಿಯವರಿಗೆ ಇನ್ಸುಲಿನ್ ಬರೆದುಕೊಟ್ಟು, ಎಷ್ಟು ಯೂನಿಟ್, ಯಾವ ಹೊತ್ತಿಗೆ ಎಂಬುದನ್ನೆಲ್ಲ ವಿವರಿಸಿದರು. ಬಳಸಿದ ಸೂಜಿಯನ್ನು ಏನು ಮಾಡಬೇಕೆಂದು ಹೇಳಲಿಲ್ಲ. ಕೇಳಿದಾಗ ಔಷಧಿ ಅಂಗಡಿಯವರು "ಕಸಕ್ಕೆ ಹಾಕಿ" ಎಂದರು. ಬೆಳಗಿನ ಪಾಳಿಯ ಆ ನರ್ಸ್ ಮಾತ್ರ, ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ ಮುಚ್ಚಳ ಬಿಗಿಮಾಡಿ ಮುಂದಿನ ಸಲ ತರುವಂತೆ ಹೇಳಿದರು. ತಿಂಗಳ ಬಳಿಕ ಒಯ್ದಾಗ ಅವರೇ ಅದನ್ನು ಬಿಳಿ ಡಬ್ಬಿಗೆ ಸೇರಿಸಿದರು. ಆ ದಿನ ಅಕ್ಕನ ಕೈಯಲ್ಲಿ ದಪ್ಪ ರಬ್ಬರ್ ಗವಸುಗಳಿದ್ದವು. ಲಸಿಕೆ ಹಾಕಿಸಿದರೇ ಎಂದು ಕೇಳಿದೆ. "ಹೆಸರು ಬರೆದುಕೊಂಡು ಹೋಗಿದ್ದಾರೆ" ಎಂದರು.