ಕ್ರೆಡಿಟ್ ಕೊಟ್ಟರು, ಜಮಾ ಮಾಡಲು ಖಾತೆಯೇ ಇರಲಿಲ್ಲ

ನಮ್ಮ ಮನೆಯ ಹಾರ್ಮೋನಿಯಂ ಮೇಲೆ ಧೂಳು ಕೂರದಿರಲಿ ಅಂತ ಒಂದು ದಪ್ಪ ಹಾಳೆ ಹಾಸಿದ್ದೇನೆ. ಬಂಗಾರದ ಬಣ್ಣದ ಅಂಚು, ಕೆಂಪು ಸೀಲು, ಮೂರು ಸಹಿ. ಕೆಳಗೆ ‘60 ಅಂತಾರಾಷ್ಟ್ರೀಯ ಸಿಇ ಕ್ರೆಡಿಟ್’ ಎಂಬ ಸಾಲು. ಸಿಇ ಅಂದರೆ ನಿರಂತರ ಶಿಕ್ಷಣ, ಕೆಲಸಕ್ಕೆ ಸೇರಿದ ಮೇಲೂ ಕಲಿಯುತ್ತಿದ್ದೇವೆ ಅನ್ನುವುದಕ್ಕೆ ಸಿಗುವ ಅಂಕ. ಸಂಗೀತ ಚಿಕಿತ್ಸೆಯ ಒಂದು ಕೋರ್ಸಿನ ಸರ್ಟಿಫಿಕೇಟ್ ಅದು. ಆ ಹಾಳೆಗೆ ನಾನು ಕೊಟ್ಟಿದ್ದು 26,500 ರೂಪಾಯಿ. ಇಂಥದ್ದೇ ಕೋರ್ಸು ಈಗ ಮತ್ತೆ ಶುರುವಾಗುತ್ತಿದೆ, ಈ ಸಲ ಚಿತ್ರದುರ್ಗದಲ್ಲಂತೆ. ಪೋಸ್ಟರ್ ನನ್ನ ಮೊಬೈಲಿಗೂ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ವಿಶೇಷ ಮಕ್ಕಳ ಜೊತೆ ಸಂಗೀತ ಚಿಕಿತ್ಸೆಯ ಕೆಲಸ ಮಾಡುವವಳು. ಹಿಂದೂಸ್ತಾನಿ ಗಾಯನದಲ್ಲಿ ಸೀನಿಯರ್ ಮುಗಿಸಿ, ಆಮೇಲೆ ಹೊರರಾಜ್ಯಕ್ಕೆ ಹೋಗಿ ಸಂಗೀತ ಚಿಕಿತ್ಸೆಯ ಡಿಪ್ಲೊಮಾ ಮಾಡಿದೆ. ಕೆಲಸಕ್ಕೆ ಸೇರಿ ಆರು ವರ್ಷವಾಯಿತು. ನಮ್ಮ ಊರಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ. ಡಾಕ್ಟರುಗಳಿಗೆ ಒಂದಲ್ಲ ಒಂದು ಕಾರ್ಯಾಗಾರ ಇದ್ದೇ ಇರುತ್ತದೆ. ನನ್ನಂಥವರಿಗೆ ಏನಿದೆ? ಆರು ವರ್ಷ ಅದೇ ಖಂಜಿರ, ಅದೇ ಹತ್ತಿಪ್ಪತ್ತು ಹಾಡು. ಮಾಡುತ್ತಿರುವುದು ಸರಿಯೋ ತಪ್ಪೋ ಅಂತ ಹೇಳುವವರೂ ಇಲ್ಲ. ಈ ಹಸಿವೇ ನನ್ನನ್ನು ಹಳ್ಳಕ್ಕೆ ಕೆಡವಿತು. ದುಡ್ಡಿನ ಆಸೆಗೆ ಮೋಸ ಹೋದವರ ಕಥೆ ಬೇಕಾದಷ್ಟಿದೆ. ಕಲಿಯುವ ಆಸೆಗೆ ಮೋಸ ಹೋದದ್ದನ್ನು ಹೇಳಿಕೊಳ್ಳುವುದಕ್ಕೆ ಇನ್ನೂ ಜಾಸ್ತಿ ನಾಚಿಕೆ.

ಪೋಸ್ಟರಿನಲ್ಲಿ ಇದ್ದದ್ದು ಇಷ್ಟು: ಸಂಗೀತ ಚಿಕಿತ್ಸಕರಿಗೆ ಅಡ್ವಾನ್ಸ್ಡ್ ಸರ್ಟಿಫಿಕೇಷನ್, 60 ಗಂಟೆ, ಅಮೆರಿಕದಲ್ಲೂ ಮಾನ್ಯ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಪಾಯಿಂಟೂ ಸಿಗುತ್ತದೆ. ಕೆಳಗೆ ಸಾಲಾಗಿ ಲೋಗೋಗಳು: ಐಎಸ್‌ಒ, ಎಂಎಸ್‌ಎಂಇ, ಇನ್ನೂ ಏನೇನೋ. ‘ಮೊದಲ 20 ಜನಕ್ಕೆ ಮಾತ್ರ’ ಅಂತ ಕೆಂಪಕ್ಷರ. ನಾನು ಅವತ್ತು ರಾತ್ರಿಯೇ ಯುಪಿಐ ಮಾಡಿದೆ. ಹಣ ಹೋದದ್ದು ಸಂಸ್ಥೆಯ ಖಾತೆಗಲ್ಲ, ಒಬ್ಬ ವ್ಯಕ್ತಿಯ ಹೆಸರಿಗೆ. ಆ ಹೆಸರು ಪರದೆಯ ಮೇಲೆ ಬಂದಾಗ ಒಂದು ಕ್ಷಣ ಬೆರಳು ನಿಂತಿದ್ದು ನಿಜ. ಆಮೇಲೆ ಒತ್ತಿಯೇಬಿಟ್ಟೆ.

ಪಿ.ಬಿ. ರಸ್ತೆಯ ಒಂದು ಹೋಟೆಲಿನ ಹಾಲಿನಲ್ಲಿ ಮೂರು ದಿನ ಪಾಠ. ಅಷ್ಟರಲ್ಲಿ 60 ಗಂಟೆ ಹೇಗಾಗುತ್ತದೆ ಅಂತ ಕೇಳಿದ್ದಕ್ಕೆ, ‘ಉಳಿದದ್ದು ಮನೆಯಲ್ಲಿ ಧ್ಯಾನ’ ಎಂದರು. ನಾವು ಹದಿನೆಂಟು ಜನ. ಹೊಳಲ್ಕೆರೆಯಿಂದ ಒಬ್ಬ ಸಂಗೀತದ ಮೇಷ್ಟ್ರು, ಹರಿಹರದ ಇಬ್ಬರು ನರ್ಸುಗಳು, ನಮ್ಮ ಶಾಲೆಯ ಸ್ಪೀಚ್ ಥೆರಪಿಸ್ಟ್, ಉಳಿದಂತೆ ಯೋಗ ಹೇಳಿಕೊಡುವವರು.

ಮೊದಲ ದಿನ ಒಂದು ಪಟ್ಟಿ ಹಂಚಿದರು. ಬಿಪಿಗೆ ತೋಡಿ, ಶುಗರ್‌ಗೆ ಬಾಗೇಶ್ರೀ, ನಿದ್ದೆಗೆ ನೀಲಾಂಬರಿ. ಮೆಡಿಕಲ್ ಶಾಪಿನ ಚೀಟಿ ಇದ್ದ ಹಾಗೆ. ನೀಲಾಂಬರಿಯನ್ನು ಜೋಗುಳಕ್ಕೆ ಹಾಡುತ್ತಾರೆ ಅನ್ನುವುದು ನಮಗೂ ಗೊತ್ತು. ಆದರೆ ಯಾವ ರೋಗಿ, ಎಷ್ಟು ಹೊತ್ತು, ಹಾಡುವವರು ಯಾರು, ಆ ರಾಗ ಆತನಿಗೆ ಯಾವ ನೆನಪು ತರುತ್ತದೆ, ಇದ್ಯಾವುದನ್ನೂ ಕೇಳದೆ ರಾಗ ಬರೆದುಕೊಟ್ಟರೆ ಅದು ಚಿಕಿತ್ಸೆ ಹೇಗಾಗುತ್ತದೆ? ಎರಡನೇ ದಿನ 432 ಹರ್ಟ್ಸ್. ಜಗತ್ತೆಲ್ಲ ಪಾಶ್ಚಾತ್ಯ ಸಂಗೀತದ ‘ಎ’ ಸ್ವರವನ್ನು ಸೆಕೆಂಡಿಗೆ 440 ಕಂಪನಕ್ಕೆ, ಅಂದರೆ 440 ಹರ್ಟ್ಸ್‌ಗೆ ಇಟ್ಟುಕೊಂಡು ಆರೋಗ್ಯ ಕೆಡಿಸಿಕೊಂಡಿದೆಯಂತೆ, 432ಕ್ಕೆ ಇಳಿಸಿದರೆ ಸರಿಹೋಗುತ್ತದಂತೆ. ಹೊಳಲ್ಕೆರೆ ಮೇಷ್ಟ್ರು ಮೆಲ್ಲಗೆ ಕೈ ಎತ್ತಿದರು. ‘ಸಾರ್, ನಮ್ಮಲ್ಲಿ ಷಡ್ಜ ಅವರವರ ಗಂಟಲಿಗೆ ತಕ್ಕಂತೆ. ನಾನು ಹಾರ್ಮೋನಿಯಂನ ಕರಿ ಒಂದಕ್ಕೆ ಹಾಡ್ತೀನಿ, ಈ ಮೇಡಂ ಕರಿ ಐದಕ್ಕೆ ಹಾಡ್ತಾರೆ. ಇದರಲ್ಲಿ 432 ಎಲ್ಲಿ ಕೂರುತ್ತೆ?’ ಉತ್ತರ ಬರಲಿಲ್ಲ. ಚಹಾ ಬಂತು.

ನಾನಾದರೂ ಅವತ್ತೇ ಎದ್ದು ಬರಬೇಕಿತ್ತು. ಬರಲಿಲ್ಲ. ಹಣ ಕೊಟ್ಟಿದ್ದೇನಲ್ಲ, ಏನಾದರೂ ಸಿಗಬಹುದು ಅಂತ ಕೂತೆ. ಮೂರನೇ ದಿನ ಆಟಿಸಂ ಬಗ್ಗೆ ಹೇಳಿದರು. ಕಂಚಿನ ಬಟ್ಟಲು ಬಾರಿಸಿದರೆ ಮಗುವಿನ ‘ನರಗಳು ರೀಸೆಟ್’ ಆಗುತ್ತವೆ, ನೂರಕ್ಕೆ ತೊಂಬತ್ತು ಮಕ್ಕಳು ಮಾತಾಡುತ್ತಾರೆ ಎಂದರು. ಬಟ್ಟಲು ಅಲ್ಲೇ ಮಾರಾಟಕ್ಕಿತ್ತು. 3,800 ರೂಪಾಯಿ, ಬೇರೆ.

ಇಲ್ಲಿಂದ ಮುಂದಿನದನ್ನು ಬರೆಯುವುದು ಕಷ್ಟ.

ನನ್ನ ಹತ್ತಿರ ಬರುವ ಆರು ವರ್ಷದ ಒಬ್ಬ ಹುಡುಗನಿದ್ದಾನೆ. ಮಾತಿಲ್ಲ. ಒಂದೂವರೆ ವರ್ಷದ ಕೆಲಸದ ನಂತರ ನಾನು ಖಂಜಿರ ಎರಡು ಸಲ ತಟ್ಟಿದರೆ ಅವನೂ ಎರಡು ಸಲ ತಟ್ಟುವಷ್ಟು ಬಂದಿದ್ದ. ಒಮ್ಮೊಮ್ಮೆ ನನ್ನ ಮುಖ ನೋಡಿ, ನಾನು ತಟ್ಟಲಿ ಅಂತ ಕಾಯುತ್ತಿದ್ದ. ಆ ಕಾಯುವುದು ಇದೆಯಲ್ಲ, ನಮ್ಮ ಕೆಲಸದಲ್ಲಿ ಅದೇ ದೊಡ್ಡದು. ಅವನಿಗೆ ಕೆಲವು ಶಬ್ದಗಳು ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಮಿಕ್ಸಿ, ಕುಕ್ಕರಿನ ಸೀಟಿ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಹೀಗೆ. ಗೊತ್ತಿದ್ದೂ, ಕೋರ್ಸ್ ಮುಗಿದ ಮುಂದಿನ ಸೋಮವಾರ ಹೊಸ ಬಟ್ಟಲನ್ನು ಅವನ ಪಕ್ಕದಲ್ಲಿ ಬಾರಿಸಿದೆ. ಕಂಚಿನ ನಾದ ನಿಲ್ಲುವುದಿಲ್ಲ, ಹಾಗೇ ಎಳೆಯುತ್ತಾ ಹೋಗುತ್ತದೆ. ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಮೂಲೆಗೆ ಓಡಿದ. ತನ್ನ ಕೈಯನ್ನೇ ಕಚ್ಚಿಕೊಂಡ. ರಕ್ತ ಬಂತು. ಅವನ ಅಮ್ಮ ನನ್ನನ್ನು ಬಯ್ಯಲಿಲ್ಲ. ‘ಹೊಸದಾಗಿ ಕಲಿತುಕೊಂಡು ಬಂದಿದ್ದೀರಿ ಅಂದ್ರಲ್ಲ ಮೇಡಂ, ಅದು ಇದೇನಾ?’ ಅಂತ ಕೇಳಿದರು, ಅಷ್ಟೇ. ಆಮೇಲೆ ಎರಡು ತಿಂಗಳು ಅವನು ನನ್ನ ಕೋಣೆಯ ಬಾಗಿಲು ದಾಟಲಿಲ್ಲ.

ತಪ್ಪು ಕೋರ್ಸಿನದು ಮಾತ್ರವಲ್ಲ, ನನ್ನದೂ ಇದೆ. ಆದರೆ ಆ ಸರ್ಟಿಫಿಕೇಟ್ ಇಲ್ಲದಿದ್ದರೆ ನಾನು ನನ್ನ ಕಣ್ಣನ್ನೇ ನಂಬುತ್ತಿದ್ದೆ. ದುಡ್ಡು ಕೊಟ್ಟು ತಂದ ಧೈರ್ಯ ಅದು. ಮನೆಗೆ ಹೋಗಿ ನಾನೇ ಹುಡುಕಿ ಓದಲು ಕೂತೆ. ಮೊದಲೇ ಮಾಡಬೇಕಿದ್ದ ಕೆಲಸ. 2017ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಒಂದು ದೊಡ್ಡ ಅಧ್ಯಯನ ಬಂದಿದೆ. 9 ದೇಶಗಳ, 4ರಿಂದ 7 ವರ್ಷದ 364 ಮಕ್ಕಳು. ಐದು ತಿಂಗಳು ಸಂಗೀತ ಚಿಕಿತ್ಸೆ ಪಡೆದವರಿಗೂ ಬರೀ ಸಾಮಾನ್ಯ ಆರೈಕೆ, ಸಲಹೆ ಪಡೆದವರಿಗೂ ಆಟಿಸಂ ಲಕ್ಷಣಗಳ ತೀವ್ರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಕಥೆ ಅಲ್ಲಿಗೆ ಮುಗಿದಿಲ್ಲ. 2022ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಪರಾಮರ್ಶಿಸುವ ಕಾಕ್ರೇನ್ ಸಂಸ್ಥೆಯವರು 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕೆಲವು ವಿಷಯಗಳಲ್ಲಿ ಅನುಕೂಲ ಕಂಡಿದೆ. ಹೀಗೆ ಹೌದೂ ಅಲ್ಲವೂ ಆಗಿರುವುದನ್ನು ಕೂತು ಬಿಡಿಸಿ ಹೇಳುವ ತರಗತಿ ನನಗೆ ಬೇಕಿತ್ತು. ಮೂರು ದಿನದಲ್ಲಿ ಒಬ್ಬರ ಬಾಯಲ್ಲೂ ಒಂದು ಅಧ್ಯಯನದ ಹೆಸರು ಬರಲಿಲ್ಲ.

ಇನ್ನು ಆ ಕ್ರೆಡಿಟ್ ವಿಷಯ. ಬಯಲು ಮಾಡಿದ್ದು ನಮ್ಮ ಸ್ಪೀಚ್ ಥೆರಪಿಸ್ಟ್. ಅವರು ಆರ್‌ಸಿಐಯಲ್ಲಿ ನೋಂದಾಯಿಸಿಕೊಂಡವರು. ನೋಂದಣಿ ನವೀಕರಣಕ್ಕೆ ಅವರಿಗೆ ಸಿಆರ್‌ಇ, ಅಂದರೆ ನಿರಂತರ ಪುನರ್ವಸತಿ ಶಿಕ್ಷಣದ ಪಾಯಿಂಟ್ ಬೇಕು. ಆ ಪಾಯಿಂಟ್ ಸಿಗಬೇಕಾದರೆ ಕಾರ್ಯಕ್ರಮಕ್ಕೆ ಪರಿಷತ್ತು ಮೊದಲೇ ಒಪ್ಪಿಗೆ ಕೊಟ್ಟಿರಬೇಕು. ಇವರದಕ್ಕೆ ಅಂಥ ಒಪ್ಪಿಗೆ ಇರಲೇ ಇಲ್ಲ. ಅವರಿಗೆ ಒಂದು ಪಾಯಿಂಟೂ ಬರಲಿಲ್ಲ. ನನ್ನ ಕಡೆ ತಿರುಗಿ, ‘ನಿನ್ನ ಪಾಯಿಂಟ್ ಯಾರು ಲೆಕ್ಕ ಹಾಕ್ತಾರೆ?’ ಅಂದರು. ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಆರ್‌ಸಿಐ ನೋಂದಾಯಿಸುವ ವೃತ್ತಿಗಳ ಪಟ್ಟಿಯಲ್ಲಿ ಸಂಗೀತ ಚಿಕಿತ್ಸಕರು ಇಲ್ಲವೇ ಇಲ್ಲ. ನನಗೆ ಪಾಯಿಂಟ್ ಕೊಟ್ಟರೂ ಹಾಕಿಕೊಳ್ಳಲು ಜೇಬಿಲ್ಲ.

ಅಮೆರಿಕದ್ದೂ ಅದೇ ಪಾಡು. ಅಲ್ಲಿ ಸಿಬಿಎಂಟಿ ಅಂತ ಒಂದು ಮಂಡಳಿಯಿದೆ, 1983ರಲ್ಲಿ ಶುರುವಾದದ್ದು. ಅಲ್ಲಿನ ಸಂಗೀತ ಚಿಕಿತ್ಸಕರು ನಿಗದಿತ ಪದವಿ ಓದಿ, ಮೇಲ್ವಿಚಾರಣೆಯಲ್ಲಿ ನೂರಾರು ಗಂಟೆ ಕೆಲಸ ಮಾಡಿ, ಈ ಮಂಡಳಿಯ ಪರೀಕ್ಷೆ ಪಾಸಾಗುತ್ತಾರೆ. ಆಮೇಲೆ 5 ವರ್ಷಕ್ಕೆ 100 ಕ್ರೆಡಿಟ್ ಕೂಡಿಸಿದರೆ ಅವರ ಪ್ರಮಾಣಪತ್ರ ಮುಂದುವರಿಯುತ್ತದೆ. ಅಂದರೆ ಕ್ರೆಡಿಟ್ ಅನ್ನುವುದು ಅಲ್ಲಿ ಆಗಲೇ ಖಾತೆ ಇರುವವರಿಗೆ. ನನ್ನ ಕೈಯಲ್ಲಿ ಆ ಪ್ರಮಾಣಪತ್ರವೇ ಇಲ್ಲ. ಇಂಗ್ಲೆಂಡಿನಲ್ಲಿ ಇನ್ನೂ ಬಿಗಿ. ಅಲ್ಲಿ ಆರೋಗ್ಯ ವೃತ್ತಿಗಳವರನ್ನು ನೋಂದಾಯಿಸುವ ಎಚ್‌ಸಿಪಿಸಿ ಅನ್ನುವ ಮಂಡಳಿಯಲ್ಲಿ ನೋಂದಾಯಿಸದೆ ‘ಮ್ಯೂಸಿಕ್ ಥೆರಪಿಸ್ಟ್’ ಅಂತ ಹಾಕಿಕೊಳ್ಳುವುದೇ ಕಾನೂನಿಗೆ ವಿರುದ್ಧ. ಕೆಲವರು ಸಂಗೀತ ಚಿಕಿತ್ಸೆಯ ವಿಶ್ವ ಒಕ್ಕೂಟದ ಹೆಸರನ್ನೂ ಎಳೆದು ತರುತ್ತಾರೆ. ಒಕ್ಕೂಟವೇನೋ ಇದೆ, 1985ರಲ್ಲಿ ಇಟಲಿಯ ಜಿನೋವಾದಲ್ಲಿ ಹುಟ್ಟಿದ್ದು. ಅದರ ಹೆಸರು ಪೋಸ್ಟರಿನಲ್ಲಿ ಇದ್ದ ಮಾತ್ರಕ್ಕೆ ಹೋಟೆಲಿನ ತರಗತಿಗೆ ಬೆಲೆ ಬರುವುದಿಲ್ಲ.

ಲೋಗೋಗಳ ಬಗ್ಗೆಯೂ ಹೇಳಿಬಿಡುತ್ತೇನೆ, ನಾನು ಬಿದ್ದದ್ದೇ ಅದಕ್ಕೆ. ಎಂಎಸ್‌ಎಂಇ ಅನ್ನುವುದು ಉದ್ಯಮ್ ನೋಂದಣಿ. ಆನ್‌ಲೈನಿನಲ್ಲಿ ನಾವೇ ವಿವರ ತುಂಬಿದರೆ ಬಿಟ್ಟಿಯಾಗಿ ಸಿಗುತ್ತದೆ. ನಾಳೆ ನಾನು ಮಂಡಕ್ಕಿ ಅಂಗಡಿ ಇಟ್ಟರೂ ಸಿಗುತ್ತದೆ. ಐಎಸ್‌ಒ 9001 ಅಂದರೆ ಆಫೀಸು ನಡೆಸುವ ಪದ್ಧತಿಗೆ ಸಂಬಂಧಿಸಿದ್ದು. ಅದನ್ನೂ ಐಎಸ್‌ಒ ಕೊಡುವುದಿಲ್ಲ, ಬೇರೆ ಏಜೆನ್ಸಿಗಳು ಕೊಡುತ್ತವೆ. ಪಾಠ ಸರಿಯಿದೆಯೋ ಇಲ್ಲವೋ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಮ್ಮ ಬ್ಯಾಚಿನ ಒಬ್ಬರಿಗೆ ಇನ್ನೊಂದು 40,000 ಕೊಟ್ಟರೆ ‘ಡಾಕ್ಟರೇಟ್’ ಕೊಡುತ್ತೇವೆ ಅಂತಲೂ ಫೋನ್ ಬಂದಿತ್ತು. ಪದವಿ ಕೊಡುವ ಹಕ್ಕು ವಿಶ್ವವಿದ್ಯಾಲಯಗಳಿಗೆ ಮತ್ತು ಸಂಸತ್ತು ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ ಅಂತ 1956ರ ಯುಜಿಸಿ ಕಾಯ್ದೆಯಲ್ಲೇ ಇದೆ. ಅವರು ಅಷ್ಟರಲ್ಲಿ ವಿಸಿಟಿಂಗ್ ಕಾರ್ಡ್ ಮಾಡಿಸಿ ಆಗಿತ್ತು, ಪಾಪ.

ಹಣ ವಾಪಸ್ ಕೇಳಿದೆ. ‘ಯಾವ ಕಾರಣಕ್ಕೂ ಮರುಪಾವತಿ ಇಲ್ಲ’ ಅನ್ನುವ ಸಾಲಿನ ಫೋಟೊ ಕಳಿಸಿ, ನನ್ನನ್ನು ವಾಟ್ಸಾಪ್ ಗುಂಪಿನಿಂದ ತೆಗೆದರು. ಬಿಲ್ ಕೇಳಿದರೆ ಅದೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ದೂರಿನ ಸಂಖ್ಯೆ ಅವರಿಗೆ ಕಳಿಸಿದ ಹನ್ನೊಂದು ದಿನಕ್ಕೆ 9,000 ಬಂತು. ಉಳಿದದ್ದು ಬಂದಿಲ್ಲ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ದೂರಲು ಎರಡು ವರ್ಷ ಸಮಯವಿದೆ. ನನ್ನ ಹತ್ತಿರ ಪೋಸ್ಟರಿನ ಸ್ಕ್ರೀನ್‌ಶಾಟ್ ಇರಲಿಲ್ಲ, ಅವರು ಅಷ್ಟರಲ್ಲಿ ಅಳಿಸಿದ್ದರು. ಹೊಳಲ್ಕೆರೆ ಮೇಷ್ಟ್ರ ಮೊಬೈಲಿನಲ್ಲಿ ಸಿಕ್ಕಿತು. ದುಡ್ಡು ಕಟ್ಟುವ ಮೊದಲೇ ಎಲ್ಲವನ್ನೂ ಉಳಿಸಿಟ್ಟುಕೊಳ್ಳಿ, ಮಾತಾಡಿದ್ದನ್ನು ಬರಹದಲ್ಲಿ ಕೇಳಿ.

ಚಿತ್ರದುರ್ಗದ ಪೋಸ್ಟರ್ ನೋಡಿ ಸೇರಬೇಕು ಅನ್ನಿಸಿದವರು ಅವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಈ ಕ್ರೆಡಿಟನ್ನು ನನ್ನ ಹೆಸರಿನಲ್ಲಿ ಲೆಕ್ಕ ಇಟ್ಟುಕೊಳ್ಳುವ ಸಂಸ್ಥೆ ಯಾವುದು? ಹೆಸರು ಹೇಳಿದರೆ ಆ ಸಂಸ್ಥೆಯ ಜಾಲತಾಣದಲ್ಲಿ ನೀವೇ ನೋಡಿ, ಅವರು ಕಳಿಸಿದ ಲಿಂಕಿನಲ್ಲಿ ಅಲ್ಲ. ಕಲಿಸುವವರು ಎಲ್ಲಿ ಓದಿದರು, ಯಾರ ಕೈಕೆಳಗೆ ಎಷ್ಟು ರೋಗಿಗಳನ್ನು ನೋಡಿದರು ಅಂತಲೂ ಕೇಳಬಹುದು. ನಾನು ಕೇಳಿದ್ದರೆ ‘ಗುರುಕೃಪೆ’ ಅನ್ನುವ ಉತ್ತರ ಬರುತ್ತಿತ್ತು ಅಂತ ಈಗ ಅನ್ನಿಸುತ್ತದೆ. ಕಲಿಯಲು ಒಳ್ಳೆಯ ಜಾಗಗಳು ಇಲ್ಲವೆಂದಲ್ಲ. ಪುದುಚೇರಿಯ ಶ್ರೀ ಬಾಲಾಜಿ ವಿದ್ಯಾಪೀಠದಂಥ ಕಡೆ ವೈದ್ಯಕೀಯ ಕಾಲೇಜಿನ ಜೊತೆಗೇ ಸಂಗೀತ ಚಿಕಿತ್ಸೆ ಕಲಿಸುತ್ತಾರೆ. ದೂರ, ರಜೆ ಬೇಕು, ಖರ್ಚು ಬೇರೆ. ಅದು ನನಗೂ ಗೊತ್ತು.

ಈಗ ತಿಂಗಳ ಎರಡನೇ ಭಾನುವಾರ ನಾವು ನಾಲ್ಕು ಜನ ವಿದ್ಯಾನಗರದ ನಮ್ಮ ಮನೆಯಲ್ಲಿ ಸೇರುತ್ತೇವೆ. ಸ್ಪೀಚ್ ಥೆರಪಿಸ್ಟ್, ಹೊಳಲ್ಕೆರೆ ಮೇಷ್ಟ್ರು, ಒಬ್ಬ ನರ್ಸ್, ನಾನು. ಪೋಷಕರ ಒಪ್ಪಿಗೆ ತೆಗೆದುಕೊಂಡು ಚಿತ್ರೀಕರಿಸಿದ ಒಂದು ಸೆಷನ್ ನೋಡುತ್ತೇವೆ. ಎಲ್ಲಿ ಅವಸರ ಮಾಡಿದೆ, ಎಲ್ಲಿ ಮಗು ಏನೋ ಹೇಳಿದ್ದು ನನಗೆ ಕೇಳಿಸಲಿಲ್ಲ ಅಂತ ಉಳಿದವರು ಹೇಳುತ್ತಾರೆ. ಹೋದ ತಿಂಗಳು ನನ್ನ ಸರದಿ ಇತ್ತು. ಆ ಹುಡುಗನ ವಿಡಿಯೊ ಹಾಕಿದೆ. ಬಾಗಿಲ ಹೊರಗೆ ಕೂತಿದ್ದಾನೆ. ನಾನು ಒಳಗಿನಿಂದ ನೆಲವನ್ನು ಬೆರಳಲ್ಲಿ ಎರಡು ಸಲ ತಟ್ಟುತ್ತೇನೆ. ಏನೂ ಇಲ್ಲ. ಮತ್ತೆ ತಟ್ಟುತ್ತೇನೆ. ಮೇಷ್ಟ್ರು ವಿಡಿಯೊ ನಿಲ್ಲಿಸಿ, ‘ಇಲ್ಲಿ ನೀವು ಕಾಯಲಿಲ್ಲ ಮೇಡಂ, ಅವನ ಬೆರಳು ನೋಡಿ’ ಅಂದರು. ಹಿಂದಕ್ಕೆ ಓಡಿಸಿ ನೋಡಿದೆ. ನಾನು ಎರಡನೇ ಸಲ ತಟ್ಟುವ ಮೊದಲು ಅವನ ತೋರುಬೆರಳು ಹೊಸ್ತಿಲಿನ ಮೇಲೆ ಒಂದು ಸಲ ಎದ್ದು ಬಿದ್ದಿತ್ತು.