ಲಕ್ಷದ್ವೀಪದ ಹಡಗು: ಸೇವೆ ಒಳ್ಳೆಯದು, ಸೀಟು ಸಿಕ್ಕಿದರೆ

ದ್ವೀಪದಲ್ಲಿ ನೌಕರಿ ಮಾಡುವವರ ಹೆಂಡತಿ ಮಕ್ಕಳು ಕಾಸರಗೋಡಿನಿಂದ ಹೊರಟು ಕೊಚ್ಚಿಯಲ್ಲಿ ಹಡಗು ಹತ್ತುವುದಾದರೆ ಕಷ್ಟ ದುಡ್ಡಿನದಲ್ಲ, ಸರದಿಯದು. ಲಕ್ಷದ್ವೀಪ ಆಡಳಿತದ ಹಡಗುಗಳಿಗೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು, ಟಿಕೆಟ್ ಹಂಚಿಕೆಗೆ ಎರಡೇ.

ಜನವಸತಿ ಇರುವ ದ್ವೀಪಗಳು 10. ಕವರತ್ತಿ ಹಡಗು 700 ಜನರನ್ನು ಒಯ್ಯುತ್ತದೆ, ಕೋರಲ್ಸ್ ಮತ್ತು ಲಗೂನ್ಸ್ ತಲಾ 400, ಅರೇಬಿಯನ್ ಸೀ 250. ಲೆಕ್ಕಕ್ಕೆ ಸಾಕೆನಿಸುತ್ತದೆ. ಆದರೆ ಒಂದು ಹಡಗು ದುರಸ್ತಿಗೆಂದು ಡ್ರೈಡಾಕ್ ಸೇರಿದರೆ ಅದರ ಜನವೆಲ್ಲ ಉಳಿದವುಗಳ ಸಾಲಿಗೆ ಬಂದು ಬೀಳುತ್ತಾರೆ. 2021ರ ಕೊನೆಗೆ ಕವರತ್ತಿಯ ಎಂಜಿನ್ ಕೋಣೆಯಲ್ಲಿ ಬೆಂಕಿ ಬಿದ್ದು ದೊಡ್ಡ ಹಡಗೇ ಸಾಲಿನಿಂದ ಹೊರಗಾದಾಗ ಇದು ಚೆನ್ನಾಗಿ ಕಂಡಿತು. ಚಿಕಿತ್ಸೆಗೆ ಕೊಚ್ಚಿಗೆ ಬರುವ ರೋಗಿ, ಕಾಲೇಜಿನ ಹುಡುಗರು, ರಜೆಗೆ ಹೊರಟ ಶಿಕ್ಷಕ, ಎಲ್ಲರಿಗೂ ಅದೇ ಹಡಗು. ರೋಗಿ ಮುಂದೆ ಹೋಗಲಿ, ಅದು ಸರಿಯೇ. ಆದರೆ ನಾಲ್ವರ ಮನೆಯಲ್ಲಿ ಮೂವರಿಗೆ ಸೀಟು ಸಿಕ್ಕಿ ಒಬ್ಬರು ಉಳಿದರೆ ಆ ಪ್ರಯಾಣವೇ ಇಲ್ಲ.

ಆದ್ದರಿಂದ ಕ್ಯಾಬಿನ್ ಹಟ ಬೇಡ. ಎರಡು ಅಥವಾ ನಾಲ್ಕು ಬರ್ತ್‌ನ ಕ್ಯಾಬಿನ್‌ಗಳು ಬೇಗ ಮುಗಿಯುತ್ತವೆ. ಎಲ್ಲರೂ ಸಾಲಾಗಿ ಮಲಗುವ ಬಂಕ್‌ನಲ್ಲಿ ಎಲ್ಲರಿಗೂ ಒಟ್ಟಿಗೆ ಸಿಗುವ ಸಾಧ್ಯತೆ ಹೆಚ್ಚು. ದಾರಿ 14ರಿಂದ 20 ಗಂಟೆ, ಒಂದು ರಾತ್ರಿ ಕಳೆದರಾಯಿತು. ಮರಳುವ ಟಿಕೆಟ್ ಖಚಿತವಾಗದೆ ಶಾಲೆಯ ರಜೆ ಮುಗಿಯುವ ವಾರ ಹೋಗಲೇಬೇಡಿ. ಜತೆಗೆ ಅತ್ತೆಯೋ ಮೈದುನನೋ ಹೊರಟರೆ ದ್ವೀಪ ಪ್ರವೇಶದ 1967ರ ನಿಯಮದಂತೆ ಪ್ರವೇಶ ಪರವಾನಗಿ ಬೇಕು. ಅದಕ್ಕೆ ಬೇಕಾದ ಪೊಲೀಸ್ ಕ್ಲಿಯರೆನ್ಸ್‌ಗೆ ಕೇರಳ ಪೊಲೀಸರ ತುಣ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಟಿಕೆಟ್ ಹುಡುಕುವ ಮೊದಲೇ ಇದು ಮುಗಿದಿರಲಿ.

ಕಾಸರಗೋಡಿನಿಂದ ಮಾವೇಲಿ, ಮಲಬಾರ್ ರೈಲುಗಳೆರಡೂ ಬೆಳಗಾಗುವ ಮೊದಲೇ ಕೊಚ್ಚಿಯ ಎರ್ನಾಕುಳಂ ಮುಟ್ಟಿಸುತ್ತವೆ. ದೊಡ್ಡ ಹಡಗು ಹೆಚ್ಚಿನ ದ್ವೀಪಗಳಲ್ಲಿ ದಡಕ್ಕೆ ತಾಗುವುದಿಲ್ಲ. ಹವಳದ ದಂಡೆಯ ಹೊರಗೆ ನಿಂತು, ಪಕ್ಕದ ಬಾಗಿಲಿನಿಂದ ದೋಣಿಗೆ ಇಳಿಸುತ್ತದೆ. ಅಲೆಯಿದ್ದರೆ ದೋಣಿ ಏರಿಳಿಯುತ್ತಿರುತ್ತದೆ. ಚಕ್ರದ ಸೂಟ್‌ಕೇಸ್ ಇಲ್ಲಿ ಹೊರೆಯೇ, ಬೆನ್ನಿಗೇರಿಸುವ ಚೀಲ ಒಯ್ಯಿರಿ. ಮಗುವಿಗಾಗಿ ಒಂದು ಕೈ ಖಾಲಿ ಇರಲಿ. ವಾಂತಿ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಬೇಕು, ತಲೆ ತಿರುಗಿದ ಮೇಲೆ ಅಷ್ಟು ಉಪಯೋಗವಿಲ್ಲ.

ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್‌ಗಳೂ ನಮ್ಮ ಕಾಸರಗೋಡೂ 1956ರವರೆಗೆ ಮಂಗಳೂರಿನ ಕಲೆಕ್ಟರರ ಕೈಕೆಳಗೇ ಇದ್ದವು. ಈಗ ಅಲ್ಲಿಗೆ ಹೋಗಲು ಕೊಚ್ಚಿ ಸುತ್ತಬೇಕು. 2024ರ ಮೇ ತಿಂಗಳಲ್ಲಿ ಪರಲಿ ಎಂಬ ವೇಗದ ಹಡಗು ಏಳು ಗಂಟೆಯಲ್ಲಿ ಮಂಗಳೂರಿನ ಹಳೆ ಬಂದರಿಗೆ ಬಂದಿತ್ತು. ಅದನ್ನೇ ನಂಬಿ ರಜೆ ಹಾಕಬೇಡಿ. ಮಳೆಗಾಲದಲ್ಲಂತೂ ಕೊಚ್ಚಿಯೇ ಗತಿ.