ರೋಲ್‌ಓವರ್ ವೆಂಟ್ ಕಿಟ್: ವಾಲ್ವ್ ಚೆನ್ನಾಗಿದೆ, ಪೆಟ್ಟಿಗೆ ಅರ್ಧ ಖಾಲಿ

ಪೆಟ್ರೋಲ್ ಟ್ಯಾಂಕಿಗೆ ಗಾಳಿಯಾಡುವ ದಾರಿ (ವೆಂಟ್) ಕೊಟ್ಟು, ಕಾರು ಮಗುಚಿದರೆ ಆ ದಾರಿ ಮುಚ್ಚುವ ಕಿಟ್ ಇದು. ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್‌ನಲ್ಲಿರುವ ವಾಲ್ವ್ ಒಂದನ್ನೇ ಬಿಡಿಯಾಗಿ ಮಾರಿದರೆ ಕಣ್ಣು ಮುಚ್ಚಿ ಕೊಳ್ಳಿ ಅನ್ನುತ್ತೇನೆ. ಇಡೀ ಕಿಟ್ ಕೊಳ್ಳುವುದಾದರೆ ಸ್ವಲ್ಪ ಯೋಚಿಸಿ. ಪೆಟ್ಟಿಗೆ ಮೇಲೆ ‘ಕಂಪ್ಲೀಟ್ ಕಿಟ್’ ಅಂತ ದೊಡ್ಡದಾಗಿ ಬರೆದಿದ್ದಾರೆ. ಆದರೆ ಟ್ಯಾಂಕಿಗೆ ಬೇಕೇ ಬೇಕಾದ ಎರಡು ವಸ್ತು ಅದರಲ್ಲಿ ಇಲ್ಲ. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ನಮೂನೆಯ ಕಿಟ್‌ಗಳು ಬೇರೆ ಬೇರೆ ಹೆಸರಲ್ಲಿ ಸಿಗುತ್ತವೆ, ನೀವು ಯಾವುದನ್ನು ತಗೊಂಡರೂ ನೋಡಬೇಕಾದದ್ದು ಇವೇ.

ನನ್ನದು ಹಳೆಯ ಬಾಡಿ ಉಳಿಸಿಕೊಂಡು, ಕೆಳಗಿನದನ್ನೆಲ್ಲ ಹೊಸದಾಗಿ ಕಟ್ಟಿದ ಕಾರು. ಟರ್ಬೊ ಎಂಜಿನ್, ಸುಮಾರು 500 ಹಾರ್ಸ್‌ಪವರ್. ಡಿಕ್ಕಿಯಲ್ಲಿ 60 ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್ ಕೂರಿಸಿದ್ದೇನೆ. ಕಾರ್ಖಾನೆಯಿಂದ ಬಂದ ಟ್ಯಾಂಕಿನಲ್ಲಿ ವೆಂಟ್, ಆವಿ ಹಿಡಿಯುವ ಕ್ಯಾನಿಸ್ಟರ್, ಮಗುಚಿದರೆ ಮುಚ್ಚುವ ವಾಲ್ವ್ ಎಲ್ಲ ಸೇರಿಕೊಂಡೇ ಇರುತ್ತವೆ. ಅದನ್ನು ಬಿಚ್ಚಿ ಹಾಕಿದ ದಿನ ಇವೆಲ್ಲ ಒಟ್ಟಿಗೇ ಹೋಗುತ್ತವೆ. ಹೊಸ ಟ್ಯಾಂಕ್ ಮಾಡಿಕೊಡುವವರು ಮೇಲೊಂದು ತೂತು ಕೊರೆದು, ಒಂದು ಬಂಗ್ (ವಾಲ್ವ್ ತಿರುಗಿಸಿ ಕೂರಿಸುವ ಥ್ರೆಡ್ ಬಳೆ) ವೆಲ್ಡ್ ಮಾಡಿ ಕೊಡುತ್ತಾರೆ, ಅಷ್ಟೆ. ಉಳಿದದ್ದು ನಮ್ಮ ಪಾಲಿಗೆ.

ಕಿಟ್‌ನಲ್ಲಿ ಬಂದದ್ದು ಇಷ್ಟು: ಎಎನ್-8 ಅಳತೆಯ ರೋಲ್‌ಓವರ್ ವಾಲ್ವ್, ಡಿಕ್ಕಿಯ ತಳದಿಂದ ಹೊರಗೆ ಹೋಗಲು ಬಲ್ಕ್‌ಹೆಡ್ ಫಿಟ್ಟಿಂಗ್, ಮೇಲೆ ಸ್ಟೀಲ್ ಹೆಣಿಗೆ ಇರುವ ರಬ್ಬರ್ ಹೋಸ್, ತುದಿಗೆ ಹಾಕಲು ಪುಟ್ಟ ಕಂಚಿನ ಫಿಲ್ಟರ್, ಮತ್ತೆ ಒಂದು ಹಾಳೆ ಸೂಚನೆ.

ವಾಲ್ವ್ ಬಗ್ಗೆ ಮನಸ್ಸು ಬಿಚ್ಚಿ ಹೊಗಳಬೇಕು. ಬಿಚ್ಚಿ ನೋಡಿದೆ. ಒಳಗೆ ಒಂದು ಫ್ಲೋಟ್ (ತೇಲುವ ತುಂಡು), ಅದರ ಕೆಳಗೆ ಸ್ಟೀಲ್ ಗುಂಡು, ಸಣ್ಣ ಸ್ಪ್ರಿಂಗ್. ಪೆಟ್ರೋಲ್ ಮೇಲಕ್ಕೆ ಚಿಮ್ಮಿದರೆ ಫ್ಲೋಟ್ ಎದ್ದು ದಾರಿ ಮುಚ್ಚುತ್ತದೆ. ಕಾರು ಮಗುಚಿದರೆ ಗುಂಡಿನ ಭಾರ ಫ್ಲೋಟನ್ನು ವಾಲ್ವಿನ ಸೀಟಿನ ಮೇಲೆ, ಅಂದರೆ ಗಾಳಿ ದಾರಿಯ ಬಾಯಿಗೆ, ಒತ್ತಿ ಹಿಡಿಯುತ್ತದೆ. ಕೆಲವು ಅಗ್ಗದ ವಾಲ್ವ್‌ಗಳಲ್ಲಿ ಬರೀ ಒಂದು ಗುಂಡು, ಒಂದು ಶಂಕುವಿನಾಕಾರದ ಗೂಡು, ಅಷ್ಟೇ ಇರುತ್ತದೆ. ಅವು ಮಗುಚಿದಾಗ ಮುಚ್ಚುತ್ತವೆ, ನಿಜ. ಆದರೆ ಗೂಡು ಆಳ ಇಲ್ಲದಿದ್ದರೆ ಜೋರಾಗಿ ತಿರುವು ತಗೊಂಡಾಗಲೂ ಮುಚ್ಚಿಬಿಡುತ್ತವೆ. ಆಗ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟುತ್ತದೆ, ಅದೇ ಅಪಾಯ.

ಯಾಕೆ ಅಂದರೆ, 1 ಜಿ ಬಲದ (ಬದಿಗೆ ಎಳೆಯುವ ಬಲ ಗುರುತ್ವಾಕರ್ಷಣೆಯಷ್ಟೇ ಇರುವ) ತಿರುವಿನಲ್ಲಿ ಗುಂಡಿಗೂ ಪೆಟ್ರೋಲಿಗೂ ‘ಕೆಳಗೆ’ ಅನ್ನುವ ದಿಕ್ಕೇ 45 ಡಿಗ್ರಿ ಓರೆಯಾಗುತ್ತದೆ. ಒಳ್ಳೆ ಹಿಡಿತದ ಟೈರ್ ಹಾಕಿ 1.2 ಜಿ ಎಳೆದರೆ ಅದು 50 ಡಿಗ್ರಿ. ಅದಕ್ಕೇ ಕೂರಿಸುವ ಮೊದಲು ಒಣ ವಾಲ್ವನ್ನು ಕೈಯಲ್ಲಿ ಹಿಡಿದು, ಊದುತ್ತಾ, ನಿಧಾನವಾಗಿ ವಾಲಿಸಿ ನೋಡಿದೆ. 60 ಡಿಗ್ರಿ ಹತ್ತಿರ ಬರುವವರೆಗೂ ಗಾಳಿ ಸಲೀಸಾಗಿ ಹೋಗುತ್ತಿತ್ತು. ಆಮೇಲೆ ಪಟ್ ಅಂತ ಮುಚ್ಚಿತು. ಪೂರ್ತಿ ತಲೆಕೆಳಗು ಮಾಡಿದಾಗ ಎಷ್ಟು ಊದಿದರೂ ಒಂದು ಚೂರೂ ಬಿಡಲಿಲ್ಲ. ಇಂಥ ಕೆಲಸ ಮಾಡಿದವರನ್ನು ಮೆಚ್ಚಲೇಬೇಕು. ನೀವೂ ಹೊಸ ವಾಲ್ವ್ ಕೂರಿಸುವ ಮೊದಲು ಈ ಪರೀಕ್ಷೆ ಮಾಡಿ. ಒಂದು ಪ್ರೊಟ್ರಾಕ್ಟರ್ ಇದ್ದರೆ ಸಾಕು.

ಇನ್ನು ಗಾಳಿ ಎಷ್ಟು ಬೇಕು ಅನ್ನುವ ವಿಷಯ. ಇದರಲ್ಲಿ ಜನರಿಗೆ ಗೊಂದಲ ಜಾಸ್ತಿ. ಜಾಸ್ತಿ ಪವರ್ ಇದ್ದರೆ ದೊಡ್ಡ ವೆಂಟ್ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. 500 ಹಾರ್ಸ್‌ಪವರಿನ ಟರ್ಬೊ ಎಂಜಿನ್ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಕುಡಿಯುವುದು ನಿಮಿಷಕ್ಕೆ ಸುಮಾರು 3 ಲೀಟರ್ ಪೆಟ್ರೋಲ್. ಟ್ಯಾಂಕಿನೊಳಗೆ ಬರಬೇಕಾದ ಗಾಳಿಯೂ ಅಷ್ಟೇ. ಅದಕ್ಕೆ ಸಣ್ಣ ತೂತು ಸಾಕು. ಆದರೆ ಬಂಕ್‌ನಲ್ಲಿ ಪೆಟ್ರೋಲ್ ತುಂಬಿಸುವಾಗ ನಾಜಲ್ ನಿಮಿಷಕ್ಕೆ 38 ಲೀಟರ್ ತನಕ ಸುರಿಯಬಹುದು. ಅಷ್ಟೇ ಗಾಳಿ, ಅಷ್ಟೇ ವೇಗದಲ್ಲಿ, ಹೊರಗೆ ಹೋಗಬೇಕು. ಅಂದರೆ ವೆಂಟಿಗೆ ನಿಜವಾದ ಪರೀಕ್ಷೆ ಬಂಕ್‌ನಲ್ಲೇ.

ಅಲ್ಲಿ ಈ ವಾಲ್ವ್ ಸ್ವಲ್ಪ ಸೋಲುತ್ತದೆ. ಹೊರಗಿನ ಥ್ರೆಡ್ ಎಎನ್-8, ಅಂದರೆ ಅರ್ಧ ಇಂಚಿನ ಪೈಪಿನ ಅಳತೆ. ಒಳಗೆ ಸೀಟಿನ ತೂತು ಅಳೆದರೆ 5 ಮಿಲಿಮೀಟರ್. ತುಂಬಿಸುವಾಗ ಗಾಳಿ ಅಲ್ಲಿ ಸಿಕ್ಕಿಕೊಂಡು ಟ್ಯಾಂಕಿನಲ್ಲಿ ಒತ್ತಡ ಏರುತ್ತದೆ, ಪೆಟ್ರೋಲ್ ಫಿಲ್ಲರ್ ಪೈಪಿನಲ್ಲಿ ಮೇಲಕ್ಕೆ ಬರುತ್ತದೆ, ನಾಜಲ್ ಟಕ್ ಟಕ್ ಅಂತ ನಿಲ್ಲುತ್ತಲೇ ಇರುತ್ತದೆ. ಟ್ಯಾಂಕಿನ ಮೇಲ್ಭಾಗದಿಂದ ಫಿಲ್ಲರ್ ಪೈಪಿನ ಕುತ್ತಿಗೆಗೆ ಬೇರೆಯೇ ಒಂದು ಹೋಸ್ ಕೊಟ್ಟರೆ ಈ ತೊಂದರೆ ಮುಗಿಯುತ್ತದೆ. ಕಾರ್ಖಾನೆಯ ಕಾರುಗಳಲ್ಲೂ ಹೀಗೇ ಮಾಡಿರುತ್ತಾರೆ. ನಾನು ಕೊಟ್ಟ ಮೇಲೆ ನಾಜಲ್ ನಿಲ್ಲದೆ ಓಡುತ್ತಿದೆ. ಇದಕ್ಕೊಂದು ಟಿ ಫಿಟ್ಟಿಂಗ್, ಒಂದಡಿ ಹೋಸ್ ಪೆಟ್ಟಿಗೆಯಲ್ಲಿ ಹಾಕಿದ್ದರೆ ಕಂಪನಿಗೆ ಏನು ಕಷ್ಟವಿತ್ತು?

ಅದಾದರೂ ಸಹಿಸಬಹುದು. ಸಹಿಸಲಾಗದ್ದು ಮೊದಲು ಹೇಳಿದ ಎರಡು ವಸ್ತುಗಳಲ್ಲಿ ಮೊದಲನೆಯದು: ರಿಲೀಫ್ ವಾಲ್ವ್ (ಒತ್ತಡ ಜಾಸ್ತಿಯಾದರೆ ತಾನೇ ತೆರೆದುಕೊಳ್ಳುವ ವಾಲ್ವ್) ಇಲ್ಲ.

ಯೋಚಿಸಿ. ಟ್ಯಾಂಕ್ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದ್ದೀರಿ. ಪೆಟ್ರೋಲ್ ಪ್ರತಿ 10 ಡಿಗ್ರಿ ಶಾಖಕ್ಕೆ ಸುಮಾರು ಶೇಕಡಾ 1ರಷ್ಟು ಹಿಗ್ಗುತ್ತದೆ. 60 ಲೀಟರ್ 20 ಡಿಗ್ರಿ ಬಿಸಿಯಾದರೆ ಒಂದು ಲೀಟರಿಗಿಂತ ಜಾಸ್ತಿ ಜಾಗ ಕೇಳುತ್ತದೆ. ಹಿಗ್ಗಿದ ಪೆಟ್ರೋಲ್ ಫ್ಲೋಟನ್ನು ಎತ್ತಿ ವೆಂಟ್ ಮುಚ್ಚಿತು ಅಂದುಕೊಳ್ಳಿ. ಈಗ ಆವಿಗೆ ಹೊರಗೆ ಹೋಗಲು ದಾರಿಯೇ ಇಲ್ಲ, ಒತ್ತಡ ಏರುತ್ತಲೇ ಇರುತ್ತದೆ. 60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲದ ಮೇಲ್ತಗಡಿನ ಮೇಲೆ ಬರೀ 50 ಮಿಲಿಬಾರ್ ಒತ್ತಡ ಬಂದರೂ ಅದು ಸುಮಾರು 120 ಕಿಲೋ ತೂಕಕ್ಕೆ ಸಮ. 200 ಮಿಲಿಬಾರ್ ಆದರೆ 490 ಕಿಲೋ. ತೆಳು ಅಲ್ಯೂಮಿನಿಯಂ ತಗಡು ಉಬ್ಬುತ್ತದೆ, ವೆಲ್ಡ್ ಮೂಲೆಗಳಲ್ಲಿ ಬಿರುಕು ಬಿಡಬಹುದು. ಆ ಬಿರುಕು ಇರುವುದು ಎಲ್ಲಿ? ಡಿಕ್ಕಿಯಲ್ಲಿ, ನಮ್ಮ ಬೆನ್ನ ಹಿಂದೆ.

ರೇಸ್ ನಿಯಮ ಬರೆಯುವವರು ಇದನ್ನು ಯಾವತ್ತೋ ಯೋಚಿಸಿದ್ದಾರೆ. ಕಾರ್ ರೇಸಿನ ಜಾಗತಿಕ ಸಂಸ್ಥೆ ಎಫ್‌ಐಎ ನಿಯಮಗಳ 253ನೇ ವಿಧಿ ವೆಂಟ್ ಲೈನಿಗೆ ಮೂರು ವಾಲ್ವ್ ಕೇಳುತ್ತದೆ: ಮಗುಚಿದರೆ ಮುಚ್ಚುವುದು, ಫ್ಲೋಟ್ ಇರುವುದು, ಮತ್ತು ಫ್ಲೋಟ್ ಮುಚ್ಚಿದ್ದಾಗ ಗರಿಷ್ಠ 200 ಮಿಲಿಬಾರ್ ಒಳಗೆ ತೆರೆದುಕೊಳ್ಳುವ ರಿಲೀಫ್. ಈ ಕಿಟ್ ಮೊದಲ ಎರಡನ್ನು ಒಂದೇ ಬಾಡಿಯಲ್ಲಿ ಚೆನ್ನಾಗಿ ಮಾಡಿದೆ, ಮೂರನೆಯದನ್ನು ಬಿಟ್ಟಿದೆ. ನಾನು ಟ್ಯಾಂಕಿನ ಮೇಲೆ ಎರಡನೇ ಬಂಗ್ ಹಾಕಿಸಿ, 70 ಮಿಲಿಬಾರಿಗೆ ತೆರೆಯುವ ರಿಲೀಫ್ ವಾಲ್ವ್ ಕೂರಿಸಿದೆ. ಅದರ ಹೋಸ್ ಕೂಡ ಹೊರಗೇ ಹೋಗುತ್ತದೆ. ಕಾರು ಮಗುಚಿದರೆ ಅಲ್ಲಿಂದ ಪೆಟ್ರೋಲ್ ಸೋರುವುದಿಲ್ಲವಾ ಅಂತ ಗೆಳೆಯರೊಬ್ಬರು ಕೇಳಿದರು. ಒಳ್ಳೆ ಪ್ರಶ್ನೆ. 30 ಸೆಂಟಿಮೀಟರ್ ಎತ್ತರದ ಪೆಟ್ರೋಲ್ ತಳಕ್ಕೆ ಕೊಡುವ ಒತ್ತಡ ಸುಮಾರು 22 ಮಿಲಿಬಾರ್ ಮಾತ್ರ, ಹಾಗಾಗಿ ಬರೀ ಪೆಟ್ರೋಲಿನ ಭಾರಕ್ಕೆ 70ರ ವಾಲ್ವ್ ತೆರೆಯುವುದಿಲ್ಲ.

ಕಿಟ್‌ನ ಹೋಸ್ ವಿಷಯ ಬೇಗ ಮುಗಿಸುತ್ತೇನೆ: ಹಾಕಬೇಡಿ. ಹೊರಗೆ ಸ್ಟೀಲ್ ಹೆಣಿಗೆ ಮಿಂಚಿದರೂ ಒಳಗಿರುವುದು ಸಾಮಾನ್ಯ ರಬ್ಬರ್. ದ್ರವ ಸೋರುವುದಿಲ್ಲ, ಆದರೆ ಆವಿ ನಿಧಾನವಾಗಿ ರಬ್ಬರಿನ ಮೂಲಕವೇ ಹೊರಬರುತ್ತದೆ. ರಾತ್ರಿ ಮುಚ್ಚಿಟ್ಟ ಕಾರಿನ ಬಾಗಿಲು ಬೆಳಿಗ್ಗೆ ತೆಗೆದರೆ ಮೂಗಿಗೆ ಬಡಿಯುವ ವಾಸನೆ ಇದೇ. ಪಿಟಿಎಫ್‌ಇ (ಟೆಫ್ಲಾನ್) ಒಳಪದರ ಇರುವ ಹೋಸ್ ಹಾಕಿದ ಮೇಲೆ ನನ್ನ ಕಾರಿನಲ್ಲಿ ಆ ವಾಸನೆ ಹೋಯಿತು. ಬರೀ ವಾಸನೆ ಅಲ್ವಾ ಅಂತ ಬಿಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಡಿಕ್ಕಿಯ ತಗ್ಗಿನಲ್ಲಿ ಹೋಗಿ ಕೂರುತ್ತದೆ. ಗಾಳಿಯಲ್ಲಿ ಶೇಕಡಾ 1.4ರಷ್ಟು ಸೇರಿದರೂ ಕಿಡಿಗೆ ಹತ್ತಿಕೊಳ್ಳುತ್ತದೆ. ಬ್ಯಾಟರಿಯೂ ಡಿಕ್ಕಿಯಲ್ಲೇ ಇದ್ದರೆ ಕೇಳುವುದೇ ಬೇಡ.

ಸೂಚನೆ ಹಾಳೆ ನೋಡಿ ನನಗೆ ನಿಜಕ್ಕೂ ಬೇಸರವಾಯಿತು. ಚಿತ್ರದಲ್ಲಿ ವಾಲ್ವನ್ನು ಟ್ಯಾಂಕಿನ ಹಿಂದಿನ ಮೂಲೆಯಲ್ಲಿ ತೋರಿಸಿದ್ದಾರೆ, ಹೋಸ್ ಅಲ್ಲಿಂದ ನೇರ ಕೆಳಗೆ ಇಳಿದಿದೆ. ಇಷ್ಟು ಒಳ್ಳೆ ವಾಲ್ವ್ ಮಾಡಿದವರು ಈ ಚಿತ್ರ ಹೇಗೆ ಒಪ್ಪಿದರೋ ಗೊತ್ತಿಲ್ಲ. ಆಕ್ಸಿಲರೇಟರ್ ಒತ್ತಿದಾಗ, ತಿರುವಿನಲ್ಲಿ, ಪೆಟ್ರೋಲ್ ಏರುವುದೇ ಆ ಮೂಲೆಗೆ. ಫ್ಲೋಟ್ ಮತ್ತೆ ಮತ್ತೆ ಮುಚ್ಚುತ್ತದೆ, ಮುಚ್ಚುವ ಮೊದಲು ಒಂದಿಷ್ಟು ಪೆಟ್ರೋಲ್ ಹೋಸಿಗೂ ನುಗ್ಗುತ್ತದೆ. ಹೋಸ್ ಕೆಳಗೆ ಇಳಿದಿದ್ದರೆ ಅದು ವಾಪಸ್ ಟ್ಯಾಂಕಿಗೆ ಬರುವುದೇ ಇಲ್ಲ, ಹೊರಗೆ ತೊಟ್ಟಿಕ್ಕುತ್ತದೆ. ನಾನು ವಾಲ್ವನ್ನು ಮೇಲ್ತಗಡಿನ ನಟ್ಟ ನಡುವೆ ಕೂರಿಸಿದ್ದೇನೆ. ಹೋಸ್ ಅಲ್ಲಿಂದ ಹಿಂದಿನ ಗಾಜಿನ ಕೆಳಗಿನವರೆಗೆ ಏರಿ, ಕಾರಿನ ಅಡ್ಡಕ್ಕೆ ಹೋಗಿ, ಸೈಲೆನ್ಸರ್ ಇಲ್ಲದ ಬದಿಯಲ್ಲಿ ಕೆಳಗೆ ಇಳಿಯುತ್ತದೆ. ನಡುವೆ ಎಲ್ಲೂ ತಗ್ಗು ಬಿಟ್ಟಿಲ್ಲ. ತಗ್ಗಿದ್ದರೆ ಅಲ್ಲಿ ಪೆಟ್ರೋಲ್ ನಿಂತು, ಗಾಳಿ ಹೋಗುವ ದಾರಿಯನ್ನೇ ಕಟ್ಟುತ್ತದೆ. ಹೀಗೆ ಕೂರಿಸಿದ ಮೇಲೆ ಟ್ರ್ಯಾಕ್‌ನಲ್ಲಿ ಜೋರಾಗಿ ಓಡಿಸಿ ಬಂದು ತಕ್ಷಣ ಮುಚ್ಚಳ ತೆಗೆದರೂ ಉಸ್ ಅನ್ನುವ ಸದ್ದಿಲ್ಲ. ಒಳಗೂ ಹೊರಗೂ ಒಂದೇ ಒತ್ತಡ ಇದೆ ಅಂತ ಅರ್ಥ. ಕಾರಿನ ಕೆಳಗೂ ಒಣಗಿದೆ.

ಇಲ್ಲದ ಎರಡನೇ ವಸ್ತು ಚಾರ್ಕೋಲ್ ಕ್ಯಾನಿಸ್ಟರ್. ಟ್ರ್ಯಾಕ್‌ಗೆ ಮಾತ್ರ ಹೋಗುವ ಕಾರಾದರೆ ಇಲ್ಲದೆ ನಡೆಯುತ್ತದೆ. ರಸ್ತೆಯಲ್ಲೂ ಓಡಿಸುವ ಕಾರಿಗೆ ಹಾಕಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇದೇನೂ ಹೊಸ ವಿದ್ಯೆ ಅಲ್ಲ, ಕ್ಯಾಲಿಫೋರ್ನಿಯಾದ ಕಾರುಗಳಲ್ಲಿ 1970ರಿಂದಲೇ ಇದೆ. ನಿಂತ ಕಾರಿನ ಆವಿಯನ್ನು ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ, ಎಂಜಿನ್ ಓಡುವಾಗ ಅದನ್ನು ಎಳೆದು ಸುಡುತ್ತದೆ. ಟರ್ಬೊ ಇದ್ದರೆ ಪರ್ಜ್ ಲೈನಿನಲ್ಲಿ (ಕ್ಯಾನಿಸ್ಟರಿನಿಂದ ಎಂಜಿನಿಗೆ ಆವಿ ಹೋಗುವ ಪೈಪಿನಲ್ಲಿ) ಒಂದೇ ಕಡೆಗೆ ಬಿಡುವ ಚೆಕ್ ವಾಲ್ವ್ ಕಡ್ಡಾಯ, ಇಲ್ಲದಿದ್ದರೆ ಟರ್ಬೊ ಗಾಳಿ ತುಂಬುವಾಗ (ಬೂಸ್ಟ್ ಬಂದಾಗ) ಒತ್ತಡ ತಿರುಗಿ ಟ್ಯಾಂಕಿನ ಕಡೆ ಬರುತ್ತದೆ. ದ್ರವ ಪೆಟ್ರೋಲ್ ಒಂದು ಸಲ ನುಗ್ಗಿದರೆ ಇದ್ದಿಲು ಹಾಳಾಗುತ್ತದೆ. ಈ ಕಿಟ್‌ನ ಫ್ಲೋಟ್ ಅಲ್ಲಿ ಮತ್ತೆ ಉಪಕಾರಕ್ಕೆ ಬರುತ್ತದೆ.

ಕಂಚಿನ ಫಿಲ್ಟರ್ ಪರವಾಗಿಲ್ಲ. ಆದರೆ ಚಕ್ರದ ಹಿಂದೆ, ಕೆಸರು ಹಾರುವ ಕಡೆ ಕೂರಿಸಬೇಡಿ, ಬೇಗ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ಬೇಡ ಅಂದುಕೊಂಡು ತುದಿಯನ್ನು ತೆರೆದೇ ಬಿಡುವವರು ಸಣ್ಣ ಕಣ್ಣಿನ ಜಾಲರಿಯನ್ನಾದರೂ ಹಾಕಿ. ನಿಂತ ಕಾರಿನ ವೆಂಟ್ ಪೈಪಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟುವುದುಂಟು. ಆಮೇಲೆ ಟ್ಯಾಂಕಿಗೆ ಗಾಳಿ ಬರದೆ ಫ್ಯುಯೆಲ್ ಪಂಪ್ ಕಿರುಚಲು ಶುರು ಮಾಡಿದಾಗ ಜನ ಪಂಪನ್ನೇ ಬದಲಾಯಿಸುತ್ತಾ ಕೂರುತ್ತಾರೆ.